ಲಾಡಖಾನನ ಗುಡಿ ಮತ್ತು ಹನ್ನೆರಡು ಪ್ರಶ್ನೆಗಳು

ಐಹೊಳೆಯ ಗುಡಿಗಳ ಹೆಸರನ್ನು ಒಮ್ಮೆ ಸಾಲಾಗಿ ಹೇಳಿ ನೋಡಬೇಕು. ಅಂಬಿಗೇರ ಗುಡಿ, ಬಡಿಗೇರ ಗುಡಿ, ಗೌಡರ ಗುಡಿ, ಹುಚ್ಚಪ್ಪಯ್ಯನ ಮಠ, ತಾರಾಬಸಪ್ಪನ ಗುಡಿ, ಲಾಡಖಾನನ ಗುಡಿ. ಕಟ್ಟಿಸಿದ ಅರಸರ ಹೆಸರಿಲ್ಲ. ಒಳಗೆ ಪ್ರತಿಷ್ಠೆಗೊಂಡ ದೇವರ ಹೆಸರೂ ಹಲವು ಗುಡಿಗಳಿಗೆ ಉಳಿದಿಲ್ಲ. ಅಕ್ಕಪಕ್ಕ ಬಾಳಿದ ಮನುಷ್ಯರ ಹೆಸರು, ಅವರ ಕಸುಬಿನ ಹೆಸರು ಕಲ್ಲಿಗೆ ಅಂಟಿಕೊಂಡಿದೆ. ಪ್ರವಾಸಿಗಳು ಮುಗಿಬಿದ್ದು ನೋಡುವ ದುರ್ಗ ಗುಡಿಯ ಹೆಸರು ಕೂಡ ದುರ್ಗೆಯಿಂದ ಬಂದದ್ದಲ್ಲ. ಕೋಟೆಯಿಂದ, ಅಂದರೆ ದುರ್ಗದಿಂದ ಬಂದದ್ದು.

ಲಾಡಖಾನನ ಗುಡಿ ಚಾಲುಕ್ಯರ ಕಾಲದ್ದು. ಹಿಂದಿನವರು ಅದನ್ನು ಐದನೆಯ ಶತಮಾನದ್ದೆಂದು ಹೇಳುತ್ತಿದ್ದರು. ಈಚಿನ ವಿದ್ವಾಂಸರು ಏಳನೆಯ ಶತಮಾನದ ಕೊನೆ ಇಲ್ಲವೇ ಎಂಟನೆಯ ಶತಮಾನ ಎನ್ನುತ್ತಾರೆ. ನೋಡಿದರೆ ಗುಡಿಗಿಂತ ಊರ ಚಾವಡಿಯ ನೆನಪು ತರುವ ಕಂಬಗಳ ಮಂಟಪ, ಕಲ್ಲುಹಾಸಿನ ಇಳಿಜಾರು ಮಾಡು, ನಡುವೆ ನಂದಿ, ಮೇಲೊಂದು ಸಣ್ಣ ಗುಡಿ, ಅದರ ಗೋಡೆಯಲ್ಲಿ ಸೂರ್ಯ, ವಿಷ್ಣು. ಇಷ್ಟೆಲ್ಲಕ್ಕೂ ಹೆಸರು ಮಾತ್ರ ಯಾವುದೋ ಕಾಲದಲ್ಲಿ ಅಲ್ಲಿ ವಾಸವಾಗಿದ್ದ ಲಾಡಖಾನನೆಂಬ ಮುಸಲ್ಮಾನನದು. ಐಹೊಳೆಯ ಗುಡಿಗಳಲ್ಲಿ ಜನ ಒಲೆ ಹೂಡಿ, ದನ ಕಟ್ಟಿ ಬದುಕುತ್ತಿದ್ದ ಕಾಲವದು. ಆಮೇಲೆ ಪುರಾತತ್ವ ಇಲಾಖೆ ಬಂದು ಗುಡಿಗಳೊಳಗಿನ ಸಂಸಾರಗಳನ್ನು ತೆರವುಗೊಳಿಸಿತು. ಹೆಸರನ್ನು ತೆರವುಗೊಳಿಸಲು ಅದಕ್ಕೂ ಆಗಲಿಲ್ಲ.

ಈ ಗುಡಿ ಯಾವ ಧರ್ಮದ್ದು ಎಂದು ಕೇಳಿದರೆ ಏನು ಹೇಳುವುದು? ಈ ಪ್ರಶ್ನೆ ಕೇಳುವವರು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದರು. 1876ರಲ್ಲಿ ಜೇಮ್ಸ್ ಫರ್ಗುಸನ್ ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು ಬರೆದಾಗ ಬೌದ್ಧ ವಾಸ್ತು, ಜೈನ ವಾಸ್ತು ಎಂದು ಧರ್ಮದ ಹೆಸರಿನಲ್ಲಿ ಅಧ್ಯಾಯಗಳನ್ನು ಮಾಡಿದ. ದುರ್ಗ ಗುಡಿಯ ಹಿಂಭಾಗ ದುಂಡಗಿರುವುದನ್ನು ಕಂಡು, ಇದು ಬೌದ್ಧರ ಚೈತ್ಯದ ರೂಪ ಎನ್ನುವ ಮಾತು ವಿದ್ವಾಂಸರಲ್ಲಿ ಬಹಳ ದಿನ ನಡೆಯಿತು. ಅದೇ ದಶಕಗಳಲ್ಲಿ ಜನಗಣತಿಯೂ ಆರಂಭವಾಗಿ ಮನುಷ್ಯರೂ ಧರ್ಮದ ಕಾಲಮ್ಮುಗಳಲ್ಲಿ ಹಂಚಿಕೆಯಾದರು. ಕಲ್ಲಿಗೆ ಹಚ್ಚಿದ ಚೀಟಿ ತಪ್ಪಾದರೆ ಮುಂದಿನ ವಿದ್ವಾಂಸ ತಿದ್ದುತ್ತಾನೆ, ಕಲ್ಲಿಗೆ ನಷ್ಟವಿಲ್ಲ. ಮನುಷ್ಯನ ಸಂಗತಿ ಹಾಗಲ್ಲ. ಹಚ್ಚಿದ ಚೀಟಿಗೆ ತಕ್ಕಂತೆ ಅವನೇ ಬದಲಾಗತೊಡಗುತ್ತಾನೆ.

ನಾವು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಇದು: “ನಿಮ್ಮದು ಧರ್ಮವೇ? ಹೌದಾದರೆ ಅದರಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ?” ಎಂದು ಪ್ರಭುತ್ವವು ಒಂದು ಸಮುದಾಯವನ್ನು ಕೇಳಿದಾಗ, ಆ ಸಮುದಾಯ ಯಾವ ನೆಲೆಯಲ್ಲಿ ನಿಂತು ಉತ್ತರಿಸಬೇಕು? ಇಂದಿನ ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಎದುರಿಸಿದವರು ಮುಸಲ್ಮಾನರು ಮಾತ್ರವಲ್ಲ, ಲಿಂಗಾಯತರೂ ಎದುರಿಸಿದ್ದಾರೆ. ಆಧುನಿಕ ಜಗತ್ತಿನಲ್ಲಿ ಈ ಪ್ರಶ್ನೆಗೆ ಬಲು ಹಿಂದೆಯೇ ಉತ್ತರ ಕೊಡಬೇಕಾಗಿ ಬಂದು, ಉತ್ತರಗಳ ಬೆಲೆಯನ್ನೂ ತೆತ್ತವರು ಯುರೋಪಿನ ಯಹೂದಿಗಳು. ಹಾಗಾಗಿ ಅವರ ಅನುಭವವನ್ನು ನಾವು ಓದಬೇಕಾಗಿದೆ. ‘ಯಹೂದಿ’ ಎಂಬ ಪದವನ್ನು ಬೈಗುಳದಂತೆ ಬಳಸುವ ಮಂದಿ ನಮ್ಮ ನಡುವೆ ಇರುವಾಗ ಈ ಓದು ಇನ್ನಷ್ಟು ಅಗತ್ಯ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಲಿಯೋರಾ ಬಟ್ನಿಟ್ಸ್ಕಿ ಈ ಅನುಭವವನ್ನು ಆಳವಾಗಿ ಅಭ್ಯಾಸ ಮಾಡಿದವರು. ಫ್ರಾಂಜ್ ರೋಜೆನ್‌ಜ್ವೈಗ್, ಲಿಯೋ ಸ್ಟ್ರಾಸ್, ಇಮ್ಯಾನುಯೆಲ್ ಲೆವಿನಾಸ್ ಮೊದಲಾದ ಯಹೂದಿ ಚಿಂತಕರನ್ನು ಕುರಿತು ಪುಸ್ತಕಗಳನ್ನು ಬರೆದ ಮೇಲೆ 2011ರಲ್ಲಿ ಅವರು ಇನ್ನೊಂದು ಕೃತಿ ಪ್ರಕಟಿಸಿದರು. ಯಹೂದಿತನವು ಒಂದು ಧರ್ಮವಾದದ್ದು ಹೇಗೆ ಎಂಬುದೇ ಅದರ ಹೆಸರು, ಅದೇ ಅದರ ಪ್ರಶ್ನೆ. ಓದುಗರಿಗೆ ಆಶ್ಚರ್ಯವಾಗಬಹುದು. ಮೂರು ಸಾವಿರ ವರ್ಷಗಳ ಹಳೆಯ ಪರಂಪರೆ, ತೌರಾತ್‌ನ ಜನ. ಅವರದು ಧರ್ಮ ‘ಆಗುವುದು’ ಎಂದರೇನು?

ಈ ಪ್ರಶ್ನೆಯ ಅರ್ಥ ಪದಗಳಲ್ಲೇ ಅಡಗಿದೆ. ಉರ್ದು ಮತ್ತು ಕನ್ನಡ ಎರಡರಲ್ಲೂ ಅಕ್ಷರ ಕಲಿತ ನಮ್ಮಂಥವರಿಗೆ ‘ಧರ್ಮ’ ಎಂಬ ಒಂದು ಪದದ ಜಾಗದಲ್ಲಿ ದೀನ್, ಮಜ್‌ಹಬ್, ಮಿಲ್ಲತ್, ಕೌಮ್ ಎಂಬ ನಾಲ್ಕು ಪದಗಳು ಸಿಗುತ್ತವೆ. ಮಜ್‌ಹಬ್ ಎಂದರೆ ನಡೆಯುವ ದಾರಿ. ಮಿಲ್ಲತ್, ಕೌಮ್ ಎಂದರೆ ಜನ, ಸಮುದಾಯ. ದೀನ್ ಎಂಬುದು ಹೀಬ್ರೂ ಭಾಷೆಯಲ್ಲೂ ಇದೆ. ಅಲ್ಲಿ ಅದರ ಅರ್ಥ ಕಾನೂನು, ನ್ಯಾಯತೀರ್ಪು. ಯಹೂದಿಗಳ ನ್ಯಾಯಪೀಠಕ್ಕೆ ‘ಬೇತ್ ದೀನ್’ ಎಂದು ಹೆಸರು. ನಮ್ಮಲ್ಲಿ ‘ಯೌಮುದ್ದೀನ್’ ಎಂದರೆ ತೀರ್ಪಿನ ದಿನ. ಇನ್ನು ಕನ್ನಡದ ಧರ್ಮ? ನಮ್ಮ ಶಾಸನಗಳಲ್ಲಿ ‘ಈ ಧರ್ಮವನ್ನು ಕಾಯ್ದವರು’ ಎಂದರೆ ಕೊಟ್ಟ ದತ್ತಿಯನ್ನು ಕಾಯ್ದವರು. ಧರ್ಮಶಾಲೆ, ಧರ್ಮಾಸ್ಪತ್ರೆ, ಧರ್ಮಕ್ಕೆ ಸಿಕ್ಕಿದ್ದು ಎನ್ನುವಾಗ ಕೊಡುವುದು, ನಡೆದುಕೊಳ್ಳುವುದು ಎಂಬ ಅರ್ಥವೇ ಮುಂದೆ. ಅರ್ಜಿಯ ಕಾಲಮ್ಮಿನಲ್ಲಿ ತುಂಬುವ ‘ಧರ್ಮ’ ಈ ಯಾವುದೂ ಅಲ್ಲ. ಅದು ಎದೆಯೊಳಗಿನ ನಂಬಿಕೆ, ಜೊತೆಗೆ ವಾರಕ್ಕೊಮ್ಮೆಯ ಪೂಜೆ ಎಂಬ ಇತ್ತೀಚಿನ ಕಲ್ಪನೆ. ಕಾನೂನು, ವ್ಯಾಪಾರ, ಮದುವೆ, ಅಡುಗೆ, ಭಾಷೆ ಇವೆಲ್ಲ ಅದರ ಹೊರಗೆ. ಈ ಕಲ್ಪನೆ ಯುರೋಪಿನ ಪ್ರೊಟೆಸ್ಟಂಟ್ ಕ್ರೈಸ್ತರ ಮನೆಯಲ್ಲಿ ಬೆಳೆದದ್ದು ಎಂಬುದನ್ನು ಬಟ್ನಿಟ್ಸ್ಕಿ ಎತ್ತಿ ತೋರಿಸುತ್ತಾರೆ.

ಹದಿನೆಂಟನೆಯ ಶತಮಾನದವರೆಗೆ ಯುರೋಪಿನ ಯಹೂದಿಗಳು ತಮ್ಮ ಕೇರಿಗಳಲ್ಲಿ, ತಮ್ಮ ಪಂಚಾಯಿತಿಗಳ ಕೈಕೆಳಗೆ ಬದುಕಿದರು. ತೆರಿಗೆ ಎತ್ತುವುದು, ವ್ಯಾಜ್ಯ ತೀರಿಸುವುದು, ಮದುವೆ, ವಿಚ್ಛೇದನ, ಬಹಿಷ್ಕಾರ ಎಲ್ಲವೂ ಸಮುದಾಯದ ಕೈಯಲ್ಲಿ. ಯಹೂದಿಯಾಗಿರುವುದೆಂದರೆ ನಂಬಿಕೆ, ಕಾನೂನು, ಜನ, ಭಾಷೆ ಎಲ್ಲವೂ ಒಂದೇ ಗಂಟು. ರಾಜನ ಕಣ್ಣಿಗೆ ಅವರು ಪ್ರಜೆಗಳಲ್ಲ, ಸಹಿಸಿಕೊಂಡ ಪರಕೀಯರು. ಆಮೇಲೆ ಪ್ರಭುತ್ವದ ಸ್ವರೂಪ ಬದಲಾಯಿತು. ಎಲ್ಲರೂ ನಾಗರಿಕರು ಎಂಬ ಮಾತು ಬಂತು. 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ಕ್ಲೆರ್ಮಾಂ ತೊನೇರ್ ಎಂಬ ಪ್ರತಿನಿಧಿ ಯಹೂದಿಗಳ ಪರವಾಗಿ ಮಾತಾಡುತ್ತಲೇ ಒಂದು ಷರತ್ತು ಹಾಕಿದ: ವ್ಯಕ್ತಿಗಳಾಗಿ ಬಂದರೆ ಅವರಿಗೆ ಎಲ್ಲವನ್ನೂ ಕೊಡೋಣ, ಒಂದು ಜನಾಂಗವಾಗಿ ಬಂದರೆ ಏನನ್ನೂ ಕೊಡಬಾರದು. 1791ರಲ್ಲಿ ಅಲ್ಲಿಯ ಯಹೂದಿಗಳಿಗೆ ಪೌರತ್ವ ಸಿಕ್ಕಿತು. ಗಂಟನ್ನು ಬಿಚ್ಚಿ, ‘ಧರ್ಮ’ ಎಂಬುದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕಾಗಿತ್ತು.

ಹದಿನೈದು ವರ್ಷಗಳ ನಂತರ, 1806ರಲ್ಲಿ, ನೆಪೋಲಿಯನ್ ಯಹೂದಿ ಪ್ರಮುಖರ ಸಭೆ ಕರೆದು ಅವರ ಮುಂದೆ ಹನ್ನೆರಡು ಪ್ರಶ್ನೆಗಳನ್ನಿಟ್ಟ. ನಿಮ್ಮಲ್ಲಿ ಒಬ್ಬ ಗಂಡಸು ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನು ಮಾಡಿಕೊಳ್ಳಬಹುದೇ? ನಿಮ್ಮ ವಿಚ್ಛೇದನ ನ್ಯಾಯಾಲಯದ ತೀರ್ಪಿಲ್ಲದೆಯೂ ನಡೆಯುತ್ತದೆಯೇ? ಬೇರೆಯವರೊಡನೆ ಮದುವೆಯಾಗಬಹುದೇ? ಫ್ರೆಂಚರು ನಿಮಗೆ ಸಹೋದರರೋ ಪರಕೀಯರೋ? ಈ ದೇಶ ನಿಮ್ಮದೆಂದು ಭಾವಿಸುತ್ತೀರೋ, ಅದನ್ನು ಕಾಪಾಡುವ ಹೊಣೆ ನಿಮಗಿದೆಯೋ? ಮಿಕ್ಕವು ರಬ್ಬಿಗಳ ಅಧಿಕಾರ, ಬಡ್ಡಿ ವ್ಯವಹಾರ ಇತ್ಯಾದಿ. ಈ ಪಟ್ಟಿಯನ್ನು ಓದುತ್ತಿರುವ ನಮ್ಮ ಓದುಗರಿಗೆ ಇವು ಎಲ್ಲೋ ಕೇಳಿದ ಪ್ರಶ್ನೆಗಳೆನ್ನಿಸಿದರೆ ಆಶ್ಚರ್ಯವಿಲ್ಲ. ಎರಡು ಶತಮಾನ ಕಳೆದರೂ ಪ್ರಶ್ನೆಪತ್ರಿಕೆ ಬದಲಾಗಿಲ್ಲ, ಪರೀಕ್ಷೆಗೆ ಕೂತವರು ಬದಲಾಗಿದ್ದಾರೆ. ಅಂದಿನ ಯಹೂದಿ ಪ್ರಮುಖರು ರಾಜನಿಗೆ ಹಿತವಾಗುವಂಥ ಉತ್ತರಗಳನ್ನೇ ಬಹುಪಾಲು ಕೊಟ್ಟರು. 1807ರಲ್ಲಿ ಎಪ್ಪತ್ತೊಂದು ಸದಸ್ಯರ ಧರ್ಮಪೀಠ ಕೂತು ಅವಕ್ಕೆ ಮುದ್ರೆ ಒತ್ತಿತು. ಫಲ? 1808ರಲ್ಲಿ ಯಹೂದಿಗಳ ಸಾಲ ವ್ಯವಹಾರ, ವ್ಯಾಪಾರಗಳ ಮೇಲೆ ಹತ್ತು ವರ್ಷಗಳ ವಿಶೇಷ ನಿರ್ಬಂಧ ಬಂತು. ಸರಿಯುತ್ತರ ಬರೆದವರೂ ಪಾಸಾಗದ ಪರೀಕ್ಷೆಗಳಿರುತ್ತವೆ.

ಈ ಬದಲಾವಣೆಯ ಹೊಸ್ತಿಲಲ್ಲಿ ನಿಂತು ಯೋಚಿಸಿದವನು ಬರ್ಲಿನ್ನಿನ ಮೋಸೆಸ್ ಮೆಂಡೆಲ್‌ಸನ್ (1729-1786). ಬಟ್ನಿಟ್ಸ್ಕಿಯವರ ಕಥನ ಶುರುವಾಗುವುದೂ ಅವನಿಂದಲೇ. ‘ಇಷ್ಟು ಬುದ್ಧಿವಂತನಾಗಿ ನೀನೇಕೆ ಕ್ರೈಸ್ತನಾಗುವುದಿಲ್ಲ’ ಎಂದು ಬಹಿರಂಗವಾಗಿ ಕೆಣಕಿಸಿಕೊಂಡವನು ಅವನು. 1783ರಲ್ಲಿ ಬರೆದ ‘ಜೆರುಸಲೇಮ್’ ಎಂಬ ಕೃತಿಯಲ್ಲಿ ಅವನು ಎರಡು ಮಾತು ಹೇಳಿದ. ಒಂದು, ಒತ್ತಾಯ ಮಾಡುವ ಅಧಿಕಾರ ಪ್ರಭುತ್ವಕ್ಕೆ ಮಾತ್ರ ಇದೆ, ಅದೂ ಕೃತ್ಯಗಳ ವಿಷಯದಲ್ಲಿ. ಧರ್ಮಕ್ಕೆ ಯಾರನ್ನೂ ಒತ್ತಾಯಿಸುವ, ಬಹಿಷ್ಕರಿಸುವ ಹಕ್ಕಿಲ್ಲ. ಎರಡು, ಯಹೂದಿಗಳಿಗೆ ದೇವರಿಂದ ಬಂದದ್ದು ನಂಬಿಕೆಯ ಪಟ್ಟಿಯಲ್ಲ, ಬಾಳುವ ಕಟ್ಟಳೆ. ಮೊದಲ ಮಾತಿನ ಹಿಂದೆ ನೋವಿನ ನೆನಪುಗಳಿದ್ದವು. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಇಪ್ಪತ್ಮೂರರ ತರುಣ ಸ್ಪಿನೋಜಾನನ್ನು ಶಪಿಸಿ ಹೊರಹಾಕಿತ್ತು. ಎರಡನೆಯ ಮಾತು ಯಹೂದಿತನದ ಮಾನ ಕಾಯುವ ಪ್ರಯತ್ನ.

ಆದರೆ ಎರಡೂ ಮಾತುಗಳನ್ನು ಒಟ್ಟಿಗೆ ಹಿಡಿಯುವುದು ಕಷ್ಟ. ಕಟ್ಟಳೆಯೇ ತಿರುಳು, ಆದರೆ ಅದನ್ನು ಯಾರೂ ಜಾರಿಗೊಳಿಸುವಂತಿಲ್ಲ ಎಂದಾದರೆ ಮುಂದಿನವರು ಅದನ್ನು ಏಕೆ ಪಾಲಿಸಬೇಕು? ಬಟ್ನಿಟ್ಸ್ಕಿ ಈ ಬಿಕ್ಕಟ್ಟಿನ ಮೇಲೆ ಬೆರಳಿಡುತ್ತಾರೆ. ಬದುಕುಳಿದ ಮೆಂಡೆಲ್‌ಸನ್ನನ ಆರು ಮಕ್ಕಳಲ್ಲಿ ನಾಲ್ವರು ಕ್ರೈಸ್ತರಾದರು. ಸಂಗೀತಗಾರನೆಂದು ಜಗತ್ತು ಬಲ್ಲ ಮೊಮ್ಮಗ ಫೆಲಿಕ್ಸ್‌ಗೆ ಬಾಲ್ಯದಲ್ಲೇ ದೀಕ್ಷಾಸ್ನಾನವಾಯಿತು. ಬಾಗಿಲಲ್ಲಿ ಬಿಟ್ಟು ಬಂದದ್ದು ಎಷ್ಟೆಂಬುದು ಒಂದೆರಡು ತಲೆಮಾರಿನಲ್ಲೇ ಗೊತ್ತಾಯಿತು.

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಇನ್ನೂ ಎರಡು ಉತ್ತರಗಳು ಹುಟ್ಟಿದವು. ಅಬ್ರಹಾಂ ಗೈಗರ್ ಮುಂತಾದ ಸುಧಾರಕರು ಕಾಲಕ್ಕೆ ತಕ್ಕಂತೆ ಆಚರಣೆಗಳು ಬದಲಾಗಲಿ, ನೀತಿಯ ತಿರುಳು ಉಳಿಯಲಿ ಎಂದರು. ಫ್ರಾಂಕ್‌ಫರ್ಟಿನ ರಬ್ಬಿ ಸ್ಯಾಮ್ಸನ್ ರಫೇಲ್ ಹಿರ್ಶ್ ಒಂದು ಅಕ್ಷರವೂ ಬದಲಾಗಬಾರದು ಎಂದು ನಿಂತರು. ಸುಧಾರಕರ ಜೊತೆ ಒಂದೇ ಸಂಸ್ಥೆಯಲ್ಲಿರಲು ಹಿರ್ಶ್ ಒಪ್ಪಲಿಲ್ಲ. ಯಹೂದಿಯಾಗಿಯೇ ಉಳಿದು ಸಮುದಾಯದ ಸಂಸ್ಥೆಯಿಂದ ಹೊರಬರಲು ಅವಕಾಶ ಕೊಡುವ ಕಾನೂನು 1876ರಲ್ಲಿ ಪ್ರಷ್ಯದಲ್ಲಿ ಬಂತು. ಇಲ್ಲಿ ಬಟ್ನಿಟ್ಸ್ಕಿ ಹೇಳುವ ಮಾತು ನಮ್ಮನ್ನು ಬಹಳ ಯೋಚಿಸುವಂತೆ ಮಾಡಿತು. ಸನಾತನಿಯೆನಿಸಿದ ಹಿರ್ಶ್ ಕೂಡ ಸುಧಾರಕರಷ್ಟೇ ಆಧುನಿಕ. ಧರ್ಮವೆಂದರೆ ಬದುಕಿನ ಉಳಿದ ಭಾಗಗಳಿಂದ ಬೇರ್ಪಟ್ಟ, ಶುದ್ಧವಾದ, ಒಪ್ಪಿ ಸೇರುವ ಒಂದು ಪಂಗಡ ಎಂಬ ಹೊಸ ಕಲ್ಪನೆಯನ್ನು ಇಬ್ಬರೂ ಒಪ್ಪಿಕೊಂಡಿದ್ದರು. ಹಳೆಯ ಕೇರಿಯಲ್ಲಿ ಪಾಪಿಯೂ ಯಹೂದಿಯೇ, ಪಂಡಿತನೂ ಯಹೂದಿಯೇ. ಜಗಳವಾಡುತ್ತಲಾದರೂ ಒಂದೇ ಗಂಟಿನಲ್ಲಿದ್ದರು.

ಇದು ಹಳೆಯ ಯುರೋಪಿನ ಕತೆಯಷ್ಟೇ ಎನ್ನಬೇಡಿ. 2009ರಲ್ಲಿ ಲಂಡನ್ನಿನ ಒಂದು ಯಹೂದಿ ಶಾಲೆ ತಾಯಿಯ ಯಹೂದಿತನವನ್ನು ನೋಡಿ ಮಕ್ಕಳನ್ನು ಸೇರಿಸಿಕೊಳ್ಳುವುದು ಜನಾಂಗೀಯ ತಾರತಮ್ಯವೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ಮೇಲೆ ಶಾಲೆಯು ಮನೆಯವರು ಪ್ರಾರ್ಥನಾಮಂದಿರಕ್ಕೆ ಹೋಗಿಬಂದ ಲೆಕ್ಕವನ್ನು ಕೇಳತೊಡಗಿತು. ಹುಟ್ಟಿನಿಂದ ಬಂದ ಸಂಬಂಧವು ಕಾನೂನಿನ ಕೈಯಲ್ಲಿ ಹಾಜರಿ ಪುಸ್ತಕವಾಯಿತು.

ಈಗ ನಮ್ಮ ಕಡೆ ಬರೋಣ. ನಮ್ಮ ಸಂವಿಧಾನ ಧರ್ಮಸ್ವಾತಂತ್ರ್ಯವನ್ನು ಕೊಟ್ಟಿದೆ. ಯಾವುದು ಧರ್ಮ, ಯಾವುದು ಅಲ್ಲ ಎಂದು ತೀರ್ಮಾನಿಸಬೇಕಾದಾಗ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ ಒಂದು ಅಳತೆಗೋಲು ಕೊಟ್ಟಿತು: ಒಂದು ಧರ್ಮಕ್ಕೆ ಯಾವುದು ಅವಿಭಾಜ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು. ಮಠವನ್ನು ಕಾಯಲು ಬಂದ ಮಾತಿದು. ಕ್ರಮೇಣ ಅದು ನ್ಯಾಯಾಲಯದ ಕೈಯ ಸಾಣಿಗೆಯಾಯಿತು. 1958ರಲ್ಲಿ ಬಕ್ರೀದಿನಲ್ಲಿ ಹಸುವಿನ ಬಲಿ ಮುಸಲ್ಮಾನರಿಗೆ ಕಡ್ಡಾಯವಲ್ಲವೆಂದು, 1961ರಲ್ಲಿ ಅಜ್ಮೀರ್ ದರ್ಗಾದ ಮೊಕದ್ದಮೆಯಲ್ಲಿ ಮೂಢನಂಬಿಕೆಯಿಂದ ಬಂದು ಸೇರಿದ ಆಚರಣೆಗಳಿಗೆ ರಕ್ಷಣೆಯಿಲ್ಲವೆಂದು, 1994ರಲ್ಲಿ ನಮಾಜಿಗೆ ಮಸೀದಿ ಅತ್ಯವಶ್ಯವಲ್ಲವೆಂದು ಅದು ಹೇಳಿತು. 2022ರ ಮಾರ್ಚ್ 15ರಂದು ಕರ್ನಾಟಕ ಉಚ್ಚ ನ್ಯಾಯಾಲಯ ಹಿಜಾಬು ಇಸ್ಲಾಮಿನ ಅತ್ಯವಶ್ಯ ಆಚರಣೆಯಲ್ಲವೆಂದು ಹೇಳಿ, ತರಗತಿಯಲ್ಲಿ ಅದನ್ನು ತಡೆದ ಕ್ರಮವನ್ನು ಎತ್ತಿಹಿಡಿಯಿತು.

ಆ ದಿನಗಳಲ್ಲಿ ನಾವೆಲ್ಲರೂ ಕುರ್‌ಆನಿನ ಆಯತ್‌ಗಳನ್ನು, ಹದೀಸ್‌ಗಳನ್ನು ಹುಡುಕುವುದರಲ್ಲಿ ಮುಳುಗಿದ್ದೆವು. ಕಡ್ಡಾಯ ಎಂದವರೊಂದು ಕಡೆ, ಅಲ್ಲ ಎಂದವರೊಂದು ಕಡೆ. ಬೀದಿಯ ಹೋಟೆಲಿನ ಬೆಂಚಿನಲ್ಲೂ ಮುಫ್ತಿಗಳು ಹುಟ್ಟಿಕೊಂಡರು. ಶಾಲೆಯ ಗೇಟಿನ ಹೊರಗೆ ನಿಂತ ಹುಡುಗಿಯ ಪ್ರಶ್ನೆ ಮಾತ್ರ ತೀರ ಸರಳವಾಗಿತ್ತು: ನಾನು ಒಳಗೆ ಹೋಗಿ ಪಾಠ ಕೇಳಬಹುದೇ? ಅವಳಿಗೆ ಕಲಿಯುವ ಹಕ್ಕಿರಲು ಅವಳ ತಲೆಯ ಮೇಲಿನ ಬಟ್ಟೆ ಧರ್ಮದ ತಿರುಳೆಂದು ಸಾಬೀತಾಗಬೇಕೇಕೆ? ಅದೇ ವರ್ಷ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಅತ್ಯವಶ್ಯ ಆಚರಣೆಯ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ, ಇದು ಕೊನೆಗೂ ಆಯ್ಕೆಯ ಪ್ರಶ್ನೆ, ಹೆಣ್ಣುಮಕ್ಕಳ ಓದಿನ ಪ್ರಶ್ನೆ ಎಂಬ ನಿಲುವು ತಳೆದರು. ಸಾಣಿಗೆಯನ್ನು ಕೆಳಗಿಟ್ಟು ಮನುಷ್ಯರನ್ನು ನೋಡಿದ ಮಾತು ಅದು.

ಸಾಣಿಗೆ ಹಿಡಿದವರು ನ್ಯಾಯಾಧೀಶರು ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಹುನಗುಂದ, ಇಳಕಲ್, ಬಾದಾಮಿ ಸೀಮೆಯ ಮೊಹರಂ ನೋಡಿ. ಅಲಾವಿ ಕುಣಿ ತೋಡುವವರು, ಡೋಲಿ ಹೊರುವವರು, ಹೆಜ್ಜೆಮೇಳ ಕಟ್ಟಿ ಕುಣಿಯುವವರು, ಕನ್ನಡದಲ್ಲಿ ರಿವಾಯತ ಪದ ಹಾಡಿ ಹಸನ್ ಹುಸೇನರಿಗಾಗಿ ಅಳುವವರು ಬಹುಪಾಲು ಮುಸಲ್ಮಾನರಲ್ಲ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಈ ಹಬ್ಬ ನಡೆಯುವುದು ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಯಾವ ಸಾಣಿಗೆಯಲ್ಲಿ ಹಿಡಿದರೂ ಇದು ಕೆಳಗೆ ಬೀಳುತ್ತದೆ. ನ್ಯಾಯಾಲಯ ಕೇಳಿದರೆ ಇದು ಅತ್ಯವಶ್ಯವಲ್ಲ. ನಮ್ಮ ಸುಧಾರಕ ಮೌಲ್ವಿಗಳನ್ನು ಕೇಳಿದರೆ ಬಿದ್‌ಅತ್. ಹಿಂದುತ್ವದವರನ್ನು ಕೇಳಿದರೆ ನಮ್ಮವರು ಅಲ್ಲಿಗೇಕೆ ಹೋಗಬೇಕು. ಒಬ್ಬರನ್ನೊಬ್ಬರು ಕಂಡರಾಗದ ಮೂವರು ಈ ಒಂದು ವಿಷಯದಲ್ಲಿ ಒಂದೇ ಮಾತಾಡುತ್ತಾರೆ. ಹಿರ್ಶ್ ಮತ್ತು ಅವರ ಎದುರಾಳಿಗಳ ಬಗ್ಗೆ ಬಟ್ನಿಟ್ಸ್ಕಿ ಹೇಳಿದ್ದು ನಮ್ಮ ಅಲಾವಿ ಕುಣಿಯ ಪಕ್ಕದಲ್ಲೇ ನಿಜವಾಗುತ್ತಿದೆ.

ಐಹೊಳೆಯ ಮಗ್ಗುಲಲ್ಲಿ ಹರಿಯುವ ಮಲಪ್ರಭೆ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಸವಣ್ಣ ಐಕ್ಯವಾದ ಜಾಗ ಅದು. ಹುಟ್ಟಿನ ಮೇಲು ಕೀಳನ್ನು ಅಳಿಸಿ, ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿ, ಗುಡಿಯ ಹಂಗು ಬಿಟ್ಟು ಇಷ್ಟಲಿಂಗವನ್ನು ಅಂಗೈಗೆ ತಂದ ಚಳವಳಿ ಅವನದು. 2018ರ ಮಾರ್ಚಿನಲ್ಲಿ ನಾಗಮೋಹನ ದಾಸ್ ಸಮಿತಿಯ ವರದಿಯನ್ನು ಒಪ್ಪಿ ಕರ್ನಾಟಕ ಸರ್ಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಲು ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. 1966ರಲ್ಲಿ ತಾವು ಹಿಂದೂಗಳಲ್ಲವೆಂದ ಸ್ವಾಮಿನಾರಾಯಣ ಸತ್ಸಂಗಿಗಳಿಗೆ ಸರ್ವೋಚ್ಚ ನ್ಯಾಯಾಲಯ, ಅಲ್ಲ, ನೀವು ಹಿಂದೂಗಳೇ ಎಂದಿತ್ತು. ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿದ್ದು 2014ರಲ್ಲಿ. ಐಹೊಳೆಯ ಗುಡ್ಡದ ಮೇಗುತಿ ಬಸದಿಯಲ್ಲಿ ರವಿಕೀರ್ತಿ 634ರಲ್ಲೇ ತನ್ನ ಜಿನಾಲಯದ ಶಾಸನ ಕೆತ್ತಿಸಿದ್ದಾನೆ. ಲಿಂಗಾಯತರ ಬೇಡಿಕೆ ಸರಿಯೋ ತಪ್ಪೋ ಹೇಳಲು ನಾವು ಯಾರೂ ಅಲ್ಲ. ಅದು ಅವರು ತೀರ್ಮಾನಿಸಬೇಕಾದದ್ದು. ನಮ್ಮನ್ನು ಕಾಡುವುದು ಇನ್ನೊಂದು. ಎಲ್ಲ ಪಟ್ಟಿಗಳನ್ನು ಮುರಿಯಲು ಹೊರಟ ಚಳವಳಿಯ ವಾರಸುದಾರರು ಎಂಟುನೂರು ವರ್ಷಗಳ ನಂತರ ಒಂದು ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಲು ಅರ್ಜಿ ಹಿಡಿದು ನಿಲ್ಲಬೇಕಾಯಿತು. ಅರ್ಜಿ ಬರೆಯುವಾಗ ಕಾಯಕ, ದಾಸೋಹಗಳಿಗಿಂತ ಸಂಸ್ಥಾಪಕ ಯಾರು, ಗ್ರಂಥ ಯಾವುದು, ದೀಕ್ಷೆ ಹೇಗೆ ಎಂಬುವೇ ಮುಂದೆ ಬರುತ್ತವೆ. ಕೇಳುವವರು ಕೇಳುವುದು ಅದನ್ನೇ.

ಹಾಗಾದರೆ ಧರ್ಮದ ಈ ಚಿಕ್ಕ ಕೋಣೆಯೇ ಬೇಡ, ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ನಮ್ಮದೇ ರಾಜ್ಯ ಕಟ್ಟೋಣ ಎನ್ನಬಹುದೇ? ಯಹೂದಿಗಳಲ್ಲಿ ಒಂದು ಪಂಥ ಹಾಗೆಯೇ ಅಂದಿತು. 1948ರಲ್ಲಿ ಇಸ್ರೇಲ್ ಹುಟ್ಟಿತು, ಏಳು ಲಕ್ಷಕ್ಕೂ ಹೆಚ್ಚು ಫೆಲೆಸ್ತೀನಿಯರು ಮನೆ ಮಠ ಕಳೆದುಕೊಂಡರು. ಆಶ್ಚರ್ಯವೆಂದರೆ ತಮ್ಮದೇ ರಾಜ್ಯದಲ್ಲೂ ಹಳೆಯ ಪ್ರಶ್ನೆ ಬೆನ್ನು ಬಿಡಲಿಲ್ಲ. ನಾಜಿಗಳ ಕಾಲದಲ್ಲಿ ಯಹೂದಿಗಳ ಪ್ರಾಣ ಉಳಿಸಿದ, ಹುಟ್ಟಿನಿಂದ ಯಹೂದಿಯಾಗಿದ್ದು ಕ್ಯಾಥೊಲಿಕ್ ಸನ್ಯಾಸಿಯಾದ ಬ್ರದರ್ ಡ್ಯಾನಿಯಲ್, ಯಹೂದಿಗಳಿಗಿರುವ ಮರಳಿ ಬರುವ ಹಕ್ಕು ತನಗೂ ಇದೆ ಎಂದಾ‌ಗ 1962ರಲ್ಲಿ ಅಲ್ಲಿಯ ನ್ಯಾಯಾಲಯ ಇಲ್ಲವೆಂದಿತು. ಮದುವೆ, ವಿಚ್ಛೇದನ ರಬ್ಬಿಗಳ ಪೀಠದ ಕೈಗೆ ಹೋದವು. 2018ರ ಕಾನೂನು ಸ್ವನಿರ್ಣಯದ ಹಕ್ಕು ಯಹೂದಿ ಜನರಿಗೆ ಮಾತ್ರ ಎಂದು ಬರೆಯಿತು. 2023ರ ಅಕ್ಟೋಬರಿನಲ್ಲಿ ಹಮಾಸ್ ನಡೆಸಿದ ಕೊಲೆಗಳ ನಂತರ ಗಾಜಾದಲ್ಲಿ ಹತ್ತಾರು ಸಾವಿರ ಜನರ ಹೆಣ ಬಿದ್ದದ್ದನ್ನು ಜಗತ್ತು ಕಂಡಿತು.

ಈ ದಾರಿ ಬೇಡವೆಂದವರೂ ಯಹೂದಿಗಳೇ ಎಂಬುದನ್ನು ನಾವು ಮರೆಯಬಾರದು. ತತ್ವಜ್ಞಾನಿ ಮಾರ್ಟಿನ್ ಬೂಬರ್, ಹೀಬ್ರೂ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಯೂದಾ ಮ್ಯಾಗ್ನೆಸ್ ಅರಬರೂ ಯಹೂದಿಗಳೂ ಸಮಾನವಾಗಿ ಬಾಳುವ ಒಂದೇ ರಾಜ್ಯಕ್ಕಾಗಿ ವಾದಿಸಿದರು. ಕಟ್ಟಾ ಆಚಾರವಂತರಾಗಿದ್ದ ಯೆಶಾಯಾಹು ಲೈಬೊವಿಟ್ಜ್ (1903-1994), ರಾಜ್ಯವನ್ನು ಧರ್ಮದಿಂದ ಬೇರೆ ಮಾಡಿ ಎಂದರು. ರಾಜ್ಯದ ಹಿತಕ್ಕಿಂತ ಧರ್ಮದ ಹಿತಕ್ಕಾಗಿ. ನೆಲವನ್ನೋ ಸರ್ಕಾರವನ್ನೋ ಪವಿತ್ರವೆಂದು ಪೂಜಿಸುವುದು ಅವರ ದೃಷ್ಟಿಯಲ್ಲಿ ವಿಗ್ರಹಾರಾಧನೆ, ನಮ್ಮ ಮಾತಿನಲ್ಲಿ ಶಿರ್ಕ್. 1967ರಲ್ಲಿ ಆಕ್ರಮಿಸಿದ ನೆಲವನ್ನು ಬಿಟ್ಟು ಬನ್ನಿ ಎಂದು ಆಗಲೇ ಎಚ್ಚರಿಸಿದವರು ಅವರು. ಒಂದು ಸರ್ಕಾರದ ಪಾಪಕ್ಕೆ ಒಂದು ಜನವನ್ನೇ ದ್ವೇಷಿಸುವವರು, ಯಾರೋ ಮಾಡಿದ್ದಕ್ಕೆ ಎಲ್ಲ ಮುಸಲ್ಮಾನರೂ ಉತ್ತರ ಕೊಡಬೇಕೆನ್ನುವವರನ್ನು ಯಾವ ಬಾಯಲ್ಲಿ ದೂರಬೇಕು?

ಹಳೆಯ ಕಾಲಕ್ಕೆ ಮರಳಿ ಹೋಗುವಂತೆಯೂ ಇಲ್ಲ. ಐಹೊಳೆಗೆ ಇನ್ನೊಂದು ಕೀರ್ತಿಯಿದೆ: ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ. ಅವರ ಹೆಸರು 1088ರಲ್ಲಿ ಸುಮಾತ್ರದ ಕಲ್ಲಿನ ಮೇಲೂ ಬಿದ್ದಿದೆ. ಅಂಥ ವರ್ತಕರ ಕಡಲ ಜಗತ್ತಿನಲ್ಲಿ ಯಹೂದಿಗಳೂ ಇದ್ದರು. 849ರ ಕೊಲ್ಲಂ ತಾಮ್ರಪಟಗಳಿಗೆ ಸಾಕ್ಷಿಗಳು ಅರಬ್ಬಿ, ಪಹಲವಿ, ಹೀಬ್ರೂ ಲಿಪಿಗಳಲ್ಲಿ ಸಹಿ ಹಾಕಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯಾದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿಗೆ ಬಂದು 1149ರವರೆಗೆ ಈ ಕರಾವಳಿಯಲ್ಲಿದ್ದ. ಅವನು ಬರೆಯುತ್ತಿದ್ದದ್ದು ಹೀಬ್ರೂ ಅಕ್ಷರದಲ್ಲಿ ಅರಬ್ಬಿ ಭಾಷೆ. ಅವನ ವ್ಯಾಪಾರಕ್ಕಾಗಿ ಏಡನ್ನಿನವರೆಗೆ ಓಡಾಡುತ್ತಿದ್ದವನು ಬೊಮ್ಮ. ಕೈರೋದ ಕಾಗದಗಳಲ್ಲಿ ಸಿಕ್ಕ ಈ ಬೊಮ್ಮನನ್ನು ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ನಮಗೆ ಪರಿಚಯಿಸಿದರು. ಧರ್ಮದ ಕಾಲಮ್ಮಿಲ್ಲದ ಆ ಜಗತ್ತು ಮನಸ್ಸನ್ನು ಸೆಳೆಯುತ್ತದೆ, ನಿಜ. ಆದರೆ ಬೊಮ್ಮ ದಾಸನಾಗಿದ್ದ. ಬೆನ್ ಯಿಜು ಕೈಹಿಡಿದ ಅಶು ಕೂಡ 1132ರಲ್ಲಿ ಅವನು ಬಿಡುಗಡೆ ಮಾಡಿದ ದಾಸಿ. ಅಂದಿನ ಊರುಗಳಲ್ಲಿ ಹೊಲೆಮಾದಿಗರಿಗೆ ಬಾವಿಯ ನೀರೂ ಇರಲಿಲ್ಲ. ಆ ಗಂಟಿನೊಳಗೆ ಹಕ್ಕೆಂಬುದು ಇರಲಿಲ್ಲ. ಅದು ಬಂದದ್ದು ಪೌರತ್ವದ ಜೊತೆಗೆ. ಅದನ್ನು ಕೈಬಿಡುವ ಮಾತು ನಮ್ಮ ಬಾಯಲ್ಲಿ ಬರಕೂಡದು.

ಕೊನೆಗೆ ನಾವು ತಲುಪುವ ತೀರ್ಮಾನ ಇಷ್ಟು. ಪೌರತ್ವವನ್ನು ಪೌರತ್ವವೆಂದೇ ಕೇಳಬೇಕು. ಧರ್ಮದ ಸರ್ಟಿಫಿಕೇಟು ತೋರಿಸಿ ಕೇಳಬಾರದು. ಓದುವ ಹಕ್ಕು, ಉಡುವ ಹಕ್ಕು, ಮಾರುವ ಹಕ್ಕು, ಬಾಡಿಗೆ ಮನೆ ಪಡೆಯುವ ಹಕ್ಕು ಮನುಷ್ಯರಿಗೆ ಸೇರಿದ್ದು. ಅವನ್ನು ಗ್ರಂಥದಿಂದ ಸಾಬೀತು ಮಾಡಲು ಹೊರಟ ಗಳಿಗೆಯಲ್ಲಿ ನಮ್ಮ ಗ್ರಂಥದ ಅರ್ಥ ಹೇಳುವ ಅಧಿಕಾರವನ್ನೂ ನಾವೇ ಸರ್ಕಾರಕ್ಕೆ ಒಪ್ಪಿಸಿರುತ್ತೇವೆ. ಕೆಲವೊಮ್ಮೆ ಕಾನೂನು ಬೇರೆ ಬಾಗಿಲು ಬಿಟ್ಟಿರುವುದಿಲ್ಲ, ಆ ಕಾಲಮ್ಮನ್ನೇ ತುಂಬಬೇಕಾಗುತ್ತದೆ. ವಕೀಲರು ತುಂಬಲಿ. ಆದರೆ ಕಾಲಮ್ಮಿನಲ್ಲಿ ಹಿಡಿಸಿದಷ್ಟೇ ನಾವು ಎಂದು ನಾವೇ ನಂಬಿ ಬಿಡಬಾರದು.

ಇದರ ಇನ್ನೊಂದು ಮಗ್ಗುಲು ನಮ್ಮ ಮನೆಯೊಳಗಿನದು. ಮೆಂಡೆಲ್‌ಸನ್ನನ ಮೊದಲ ಮಾತನ್ನು ನಾವು ಪೂರ್ತಿಯಾಗಿ ಒಪ್ಪಬೇಕು. ಸರ್ಕಾರ ಕೈ ಹಿಂತೆಗೆಯಲಿ ಎಂದ ಮೇಲೆ ಜಮಾತು ಕೈ ಚಾಚಬಾರದು. ತಲೆಗೆ ಬಟ್ಟೆ ಹೊದ್ದ ಹುಡುಗಿಯನ್ನು ಗೇಟಿನಲ್ಲಿ ತಡೆಯುವುದು ಅನ್ಯಾಯವಾದರೆ, ಹೊದೆಯದ ಹುಡುಗಿಯನ್ನು ಓಣಿಯಲ್ಲಿ ತಡೆಯುವುದೂ ಅಷ್ಟೇ ಅನ್ಯಾಯ. ದೀನ್‌ನಲ್ಲಿ ಬಲವಂತವಿಲ್ಲ ಎಂಬುದನ್ನು ಭಾಷಣಗಳಲ್ಲಿ ಪರರಿಗೆ ಕೇಳಿಸುವಂತೆ ಹೇಳುತ್ತೇವೆ, ಮನೆಯವರಿಗೂ ಕೇಳಿಸಬೇಕು. ಅಲಾವಿ ಕುಣಿಯ ಸುತ್ತ ಕನ್ನಡ ಪದ ಹಾಡುವ ಕುರುಬರ ಮುದುಕನಿಗೆ ಇದು ನಮ್ಮದಲ್ಲ ಎನ್ನುವ ಅಧಿಕಾರ ನಮಗೆ ಯಾರು ಕೊಟ್ಟರು? ಅವನು ಅಳುವುದು ಕರ್ಬಲಾದಲ್ಲಿ ನೀರಿಲ್ಲದೆ ಸತ್ತ ಮಕ್ಕಳಿಗಾಗಿ. ಆ ಅಳುವಿಗೆ ಯಾವ ಅರ್ಜಿಯಲ್ಲೂ ಕಾಲಮ್ಮಿಲ್ಲ. ಸರ್ಕಾರದ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಡಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಓಣಿಯಲ್ಲಿ ಜಾಗ ಉಳಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ.